ಗಾಳಿಯಕ್ಕನ ಖಾಲಿ

ಫ್ಲಾಸ್ಕ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಗಾಳಿಯಕ್ಕ ಎಂದೇ ಕರೆಯುತ್ತಿದ್ದರು. ಗಾಳಿ ತೆಗೆಯುವುದೇ ಅವಳ ಕೆಲಸ. ಒಂದರೊಳಗೊಂದು ಕೂತ ಜೋಡಿ ಗಾಜಿನ ಸೀಸೆ ಅವಳ ಮೇಜಿಗೆ ಬರುತ್ತಿತ್ತು. ಹೊರಗಿನ ಸೀಸೆಯ ತಳದಲ್ಲಿ ಇಲಿಬಾಲದಂಥ ಸಣ್ಣ ಕೊಳವೆ. ಅದನ್ನು ಪಂಪಿಗೆ ಸಿಕ್ಕಿಸಿ, ಎರಡು ಗೋಡೆಗಳ ನಡುವಿನ ಗಾಳಿಯನ್ನೆಲ್ಲ ಹೀರಿಸಿ, ಬಾಲವನ್ನು ಬೆಂಕಿಗೆ ಹಿಡಿದು ಕರಗಿಸಿ ಮುಚ್ಚಿಬಿಟ್ಟರೆ ಮುಗಿಯಿತು. ನೋಡುವವರಿಗೆ ಅಲ್ಲಿ ಏನೂ ಕಾಣಿಸುವುದಿಲ್ಲ. ಏನೂ ಇಲ್ಲದಂತೆ ಮಾಡುವುದೇ ಕೆಲಸವಾದಾಗ ಕಾಣಿಸುವುದಾದರೂ ಏನು?

ಮೊದಲೆಲ್ಲ ಅವಳಿಗೆ ಇದರಿಂದ ಬೇಸರವಾಗಿದ್ದೇ ಇಲ್ಲ. ಮೈದುನನ ಮದುವೆಯಾಗಿ ವಾರಗಿತ್ತಿ ಮನೆಗೆ ಬಂದಳು. ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡ್ತೀಯ ಎಂದು ಗಾಳಿಯಕ್ಕನೇ ಅವಳ ಕೈಹಿಡಿದು ಕಾರ್ಖಾನೆಗೆ ಕರೆತಂದಳು, ಮೇಸ್ತ್ರಿಯ ಹತ್ತಿರ ಗೋಗರೆದು ಕೆಲಸ ಕೊಡಿಸಿದಳು. ಮೇಸ್ತ್ರಿ ಆ ಹುಡುಗಿಯನ್ನು ಬೆಳ್ಳಿ ಕೋಣೆಗೆ ಹಾಕಿದ. ಅಲ್ಲಿಂದಲೇ ತಾಪತ್ರಯ ಶುರುವಾದದ್ದು.

ಬೆಳ್ಳಿ ಕೋಣೆಯ ಕೆಲಸ ಕಣ್ಣಿಗೆ ಹಬ್ಬ. ಗಾಳಿ ತೆಗೆಯುವ ಮೊದಲೇ, ಎರಡು ಗಾಜುಗಳ ನಡುವೆ ಬೆಳ್ಳಿ ಕರಗಿದ ನೀರಿನಂಥ ದ್ರವ ಹೊಯ್ದು ವಾರಗಿತ್ತಿ ಸೀಸೆಯನ್ನು ಮಗುವಿನಂತೆ ತೂಗುತ್ತಿದ್ದಳು. ನೋಡನೋಡುತ್ತಿದ್ದಂತೆ ಗಾಜು ಕಂದಾಗಿ, ಕಪ್ಪಾಗಿ, ಕೊನೆಗೆ ಫಳಕ್ಕೆಂದು ಕನ್ನಡಿಯಾಗಿಬಿಡುತ್ತಿತ್ತು. ಕಾರ್ಖಾನೆ ನೋಡಲು ಬಂದವರೆಲ್ಲ ಅಲ್ಲೇ ಬೀಡುಬಿಡುತ್ತಿದ್ದರು. ಗಾಳಿಯಕ್ಕನ ಮೇಜಿನ ಮುಂದೆ ಬಂದಾಗ "ಇಲ್ಲೇನು? ಓ, ಪಂಪಾ," ಎಂದು ಮುಂದೆ ಹೋಗುತ್ತಿದ್ದರು. ಒಂದು ವರ್ಷ ಮಾಲೀಕರು ಫ್ಲಾಸ್ಕಿನ ಡಬ್ಬಿಯ ಮೇಲೆ ಚಿತ್ರ ಹಾಕಿಸಿದರು. ಹೊಳೆಯುವ ಸೀಸೆ ಹಿಡಿದು ನಗುತ್ತಿದ್ದ ಹೆಂಗಸು ಬೇರೆ ಯಾರೂ ಅಲ್ಲ, ವಾರಗಿತ್ತಿಯೇ. ಅತ್ತೆ ಆ ಖಾಲಿ ಡಬ್ಬಿಯನ್ನು ಕಪಾಟಿನ ಮೇಲಿಟ್ಟು, ಬಂದವರಿಗೆಲ್ಲ "ನಮ್ಮ ಚಿಕ್ಕ ಸೊಸೆ" ಎಂದು ತೋರಿಸತೊಡಗಿದಳು.

"ದೊಡ್ಡವಳೂ ಅಲ್ಲೇ ಅಲ್ವಾ ಕೆಲಸ?" ಎಂದು ಪಕ್ಕದ ಮನೆಯಾಕೆ ಒಮ್ಮೆ ಕೇಳಿದಳು.

"ಹ್ಞೂಂ, ಇವಳೂ ಅಲ್ಲೇ. ಅದೇನೋ ಗಾಳಿ ಗೀಳಿ," ಎಂದಳು ಅತ್ತೆ.

ಒಳಗೆ ತರಕಾರಿ ಹೆಚ್ಚುತ್ತಿದ್ದ ಗಾಳಿಯಕ್ಕನ ಹೊಟ್ಟೆಯಲ್ಲಿ ಕೊಳ್ಳಿ ಇಟ್ಟಂತಾಯಿತು. ಅವತ್ತಿನಿಂದ ಅವಳಿಗೆ ವಾರಗಿತ್ತಿ ನಕ್ಕರೂ ಉರಿ, ನಗದಿದ್ದರೂ ಉರಿ. ಅವಳು ತಲೆ ಬಾಚಿಕೊಂಡರೆ "ಯಾರು ಫೋಟೋ ತೆಗೀತಾರೆ ಇವತ್ತು?" ಎಂದು ಚುಚ್ಚುವಳು. ವಾರಗಿತ್ತಿ ಮಾತ್ರ "ಹೋಗಿ ಅಕ್ಕಾ," ಎಂದು ನಕ್ಕು ಸುಮ್ಮನಾಗುವಳು. ಆ ನಗು ಇನ್ನಷ್ಟು ಉರಿಸುತ್ತಿತ್ತು.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಾರೋ ಮತ್ತೆ ಡಬ್ಬಿಯ ಮಾತೆತ್ತಿದರು. ಗಾಳಿಯಕ್ಕನಿಗೆ ತಡೆಯಲಾಗಲಿಲ್ಲ.

"ಬೆಳ್ಳಿ ಅನ್ನೋದು ಬರೀ ಶೋಕಿ ಕಣ್ರೇ. ಬಿಸಿ ಉಳಿಸೋದು ನನ್ನ ಖಾಲಿ. ನಡುವೆ ಏನೂ ಇಲ್ಲದ ಮೇಲೆ ಬಿಸಿ ಯಾವುದನ್ನ ಹಿಡ್ಕೊಂಡು ಆಚೆ ಬರುತ್ತೆ?"

"ಹಾಗಾದ್ರೆ ಬೆಳ್ಳಿ ಇಲ್ಲದ್ದೇ ಒಂದು ಮಾಡಿ ನೋಡಿ, ಅಕ್ಕಾ," ಎಂದಳು ವಾರಗಿತ್ತಿ. ಅವಳ ದನಿಯಲ್ಲಿ ಮೊದಲ ಸಲ ಸ್ವಲ್ಪ ಖಾರವಿತ್ತು.

ಮೇಸ್ತ್ರಿಗೂ ಇದು ತಮಾಷೆ ಎನಿಸಿತು. ಬೆಳ್ಳಿ ಹಾಕದ ಒಂದು ಸೀಸೆಯನ್ನು ಅವಳಿಗೇ ಕೊಟ್ಟ. ಗಾಳಿಯಕ್ಕ ಅದನ್ನು ಪಂಪಿಗೆ ಹಾಕಿ, ಮಾಪಕದ ಮುಳ್ಳು ಸೊನ್ನೆಗೆ ಇಳಿದ ಮೇಲೂ ಬಿಡದೆ ಹೀರಿಸಿದಳು. ಅಷ್ಟು ಶುದ್ಧವಾದ ಖಾಲಿಯನ್ನು ತಾನು ಹಿಂದೆಂದೂ ಮಾಡಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಕೆಲಸ ಶುರುವಾಗುವ ಹೊತ್ತಿಗೆ ಎರಡರಲ್ಲೂ ಕುದಿಯುವ ನೀರು ತುಂಬಿ, ಬಿರಡೆ ಹಾಕಿ, ಮರದ ಸ್ಟ್ಯಾಂಡಿನಲ್ಲಿ ನಿಲ್ಲಿಸಿದರು. ಒಂದು ವಾರಗಿತ್ತಿ ಬೆಳ್ಳಿ ಹಾಕಿದ್ದು, ಒಂದು ಬರೀ ಗಾಜಿನದು. ಸಂಜೆ ಗಂಟೆ ಹೊಡೆದಾಗ ತೆರೆದು ನೋಡುವುದು ಎಂದಾಯಿತು.

ಬೆಳಗಿನ ಚಹಾದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಗಾಳಿಯಕ್ಕ ಸ್ಟ್ಯಾಂಡಿನ ಬಳಿ ಬಂದಳು. ತನ್ನ ಸೀಸೆಯನ್ನು ಮುಟ್ಟಿದಳು. ಹೊರಗಿನ ಗಾಜು ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಹಣೆಯ ಹಾಗೆ. ಪಕ್ಕದ ಬೆಳ್ಳಿಯ ಸೀಸೆ ಮಾತ್ರ ಹೊರಗೆ ತಣ್ಣಗೆ, ಏನೂ ಅರಿಯದಂತೆ ನಿಂತಿತ್ತು. ಸಂಜೆ ಏನಾಗುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ. ವಾರಗಿತ್ತಿಯ ನಗು, ಮೇಸ್ತ್ರಿಯ ಚಪ್ಪಾಳೆ, ರಾತ್ರಿ ಊಟದ ಹೊತ್ತಿಗೆ ಅತ್ತೆಯ ಕಿವಿಗೂ ಸುದ್ದಿ. ಗಾಳಿಯಕ್ಕ ಅತ್ತಿತ್ತ ನೋಡಿದಳು. ಬೆಳ್ಳಿಯ ಸೀಸೆಯನ್ನು ಮೆಲ್ಲಗೆ ಎತ್ತಿ, ತಳದಲ್ಲಿ ತಾನೇ ಮುಚ್ಚಿದ ಬಾಲದ ತುದಿಯನ್ನು ಇಕ್ಕಳದಿಂದ ಚಿವುಟಿದಳು. ಸುಯ್ ಎಂದು ಗಾಳಿ ಒಳನುಗ್ಗಿತು. ಸೀಸೆಯನ್ನು ಮೊದಲಿನಂತೆಯೇ ಇಟ್ಟು, ಚಹಾ ಕುಡಿಯುವವರ ನಡುವೆ ಹೋಗಿ ಕೂತಳು.

ಸಂಜೆ ಗಂಟೆ ಹೊಡೆಯಿತು. ಮೇಸ್ತ್ರಿ ಗಾಜಿನ ಸೀಸೆಯ ನೀರಿಗೆ ಬೆರಳಿಟ್ಟ. ನಲ್ಲಿ ನೀರಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. "ಅಕ್ಕಾ, ಸೋತ್ರಿ," ಎಂದು ನಗುತ್ತ ಬೆಳ್ಳಿಯ ಸೀಸೆಗೆ ಬೆರಳಿಟ್ಟವನ ಮುಖ ಗಂಟಾಯಿತು. ಅದೂ ಉಗುರು ಬೆಚ್ಚಗೆ, ಅಷ್ಟೇ.

"ಏನಮ್ಮಾ ಇದು?" ಎಂದು ಅವನು ವಾರಗಿತ್ತಿಯತ್ತ ತಿರುಗಿದ. "ಬೆಳ್ಳಿ ಸರಿಯಾಗಿ ಹಿಡಿದಿಲ್ವಾ? ಈ ವಾರ ಮಾಡಿದ್ದೆಲ್ಲ ಹೀಗೇ ಇದ್ರೆ ಏನು ಗತಿ? ಎಲ್ಲಾ ಸೀಸೆ ವಾಪಸ್ ತರಿಸಿ ನೋಡ್ಬೇಕು."

ವಾರಗಿತ್ತಿಯ ಮುಖ ಬಿಳಿಚಿಕೊಂಡಿತು. ಗಾಳಿಯಕ್ಕ ಬಯಸಿದ್ದು ಇದನ್ನೇ. ಆದರೂ ಒಳಗೊಳಗೇ ಏನೋ ಕಡಿಯುತ್ತಿತ್ತು. ಅದು ಪಶ್ಚಾತ್ತಾಪವೇ ಎಂದರೆ ಪೂರ್ತಿ ನಿಜವಲ್ಲ. ಅಷ್ಟು ಫಳಫಳ ಬೆಳ್ಳಿ ಇದ್ದೂ ನೀರು ತಣ್ಣಗಾಯಿತಲ್ಲ, ಯಾಕೆ? ಅವಳ ಖಾಲಿ ಅಲ್ಲಿ ಇಲ್ಲದ್ದಕ್ಕೆ! ಜೀವಮಾನದಲ್ಲಿ ಅವಳ ಕೆಲಸದ ಬೆಲೆ ಎದ್ದು ಕಂಡಿದ್ದು ಇದೊಂದೇ ಸಲ, ಅದೂ ಇನ್ನೊಬ್ಬಳ ತಪ್ಪಿನ ಲೆಕ್ಕಕ್ಕೆ ಹೋಗುತ್ತಿತ್ತು.

"ಬೆಳ್ಳಿ ಸರಿಯಾಗೇ ಇದೆ!" ಎಂದು ಅವಳು ಕೂಗಿಯೇಬಿಟ್ಟಳು. "ನಾನೇ ತುದಿ ಮುರಿದೆ. ಗಾಳಿ ಒಳಗೆ ಹೋಯ್ತು. ನನ್ನ ಖಾಲಿ ಇಲ್ಲದೆ ನಿಮ್ಮ ಬೆಳ್ಳಿ ಏನು ಮಾಡ್ತು, ನೋಡಿ!"

ಯಾರೋ ಕಿಸಕ್ಕೆಂದರು, ಇಡೀ ಕೋಣೆ ನಕ್ಕಿತು. ವಾರಗಿತ್ತಿ ನಗಲಿಲ್ಲ.

"ನನ್ನದು ತಣ್ಣಗಾಗೋಕೆ ನೀವು ಕಾರಣ," ಎಂದಳು. "ನಿಮ್ಮದು ತಣ್ಣಗಾಗೋಕೆ ಯಾರು ಕಾರಣ, ಅಕ್ಕಾ? ಅದರ ತುದಿಯನ್ನ ನಾನಂತೂ ಮುಟ್ಟಿಲ್ಲ."

ಮೇಸ್ತ್ರಿ ಗಾಳಿಯಕ್ಕನನ್ನು ಕಿಟಕಿಯ ಹತ್ತಿರ ಕರೆದ. ಇಳಿಬಿಸಿಲು ಅವಳ ಕೆನ್ನೆಯ ಮೇಲೆ ಬಿತ್ತು.

"ಬೆಚ್ಚಗಿದೆಯಾ?"

"ಇದೆ."

"ಸೂರ್ಯನಿಗೂ ನಿಮಗೂ ನಡುವೆ ಏನಿದೆ?"

"ಗಾಳಿ."

"ಗಾಳಿ ಇರೋದು ನೆಲದ ಹತ್ತಿರ ಒಂದಿಷ್ಟು ಮಾತ್ರ. ಅದರಾಚೆಗೆಲ್ಲ ನಿಮ್ಮ ಪಂಪು ಮಾಡೋದಕ್ಕಿಂತ ದೊಡ್ಡ ಖಾಲಿ. ಆದ್ರೂ ಬಂತಲ್ಲ ಬಿಸಿ? ಬೆಳಕಿಗೆ ಹಿಡ್ಕೊಂಡು ಬರೋಕೆ ಏನೂ ಬೇಡಕ್ಕಾ. ಬಿಸಿಯನ್ನ ತಾನೇ ಹೊತ್ಕೊಂಡು ಬರುತ್ತೆ. ಬಿಸಿನೀರಿಂದಲೂ ಅಂಥದ್ದೇ ಒಂದು ಬೆಳಕು ಹೊರಡುತ್ತೆ, ನಮ್ಮ ಕಣ್ಣಿಗೆ ಕಾಣಲ್ಲ, ಅಷ್ಟೇ. ನಿಮ್ಮ ಖಾಲಿಯನ್ನ ಅದು ಸಲೀಸಾಗಿ ದಾಟುತ್ತೆ. ಬೆಳ್ಳಿ ಇದ್ರೆ ಅದನ್ನ ಬಂದ ದಾರಿಗೇ ತಿರುಗಿಸಿ ಕಳಿಸುತ್ತೆ."

ಗಾಳಿಯಕ್ಕ ಬಿಸಿಲನ್ನೇ ದುರುಗುಟ್ಟಿ ನೋಡಿದಳು. ಅಷ್ಟು ವರ್ಷ ಬೆನ್ನು ಬಗ್ಗಿಸಿ ಮಾಡಿದ ಖಾಲಿಯೊಳಗೆ ಯಾರನ್ನೂ ಕೇಳದೆ ನುಗ್ಗಿ ಓಡಾಡುತ್ತಿತ್ತೇ ಇದು! ವಾರಗಿತ್ತಿಯ ಮೇಲಿದ್ದ ಹೊಟ್ಟೆಕಿಚ್ಚಿನಲ್ಲಿ ಒಂದು ಪಾಲು ಆ ಗಳಿಗೆಯಲ್ಲಿ ಬೆಳಕಿನ ಕಡೆಗೂ ಹೋಯಿತು.

ಮನೆಯಲ್ಲಿ ವಾರಗಿತ್ತಿ ಬಹಳ ದಿನ ಮಾತು ಬಿಟ್ಟಳು. ಒಂದೇ ಒಲೆಯ ಮುಂದೆ ನಿಂತು, "ಅತ್ತೆ, ನಿಮ್ಮ ದೊಡ್ಡ ಸೊಸೆಗೆ ಉಪ್ಪಿನ ಡಬ್ಬಿ ಈ ಕಡೆ ಸರಿಸೋಕೆ ಹೇಳಿ," ಎನ್ನುವಳು. ಗಾಳಿಯಕ್ಕ ಡಬ್ಬಿ ಸರಿಸುವಳು, ತಪ್ಪಾಯ್ತು ಎನ್ನಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಕಡೆಗೊಂದು ದಿನ ಬಟ್ಟೆ ಹಿಂಡುವಾಗ, ಒಂದು ಚಾದರದ ಎರಡು ತುದಿ ಇಬ್ಬರ ಕೈಯಲ್ಲಿದ್ದಾಗ, "ನಾನು ಹಾಗೆ ಮಾಡ್ಬಾರದಿತ್ತು," ಎಂದಳು. "ಸರಿಯಾಗಿ ಹಿಂಡಿ, ನೀರು ಇನ್ನೂ ಇದೆ," ಎಂದಳು ವಾರಗಿತ್ತಿ. ಮಾತು ಅಲ್ಲಿಂದ ಶುರುವಾಯಿತು.

ಕೆಲವು ವರ್ಷಗಳ ಮೇಲೆ ಕಾರ್ಖಾನೆಗೆ ಸ್ಟೀಲ್ ಫ್ಲಾಸ್ಕು ಬಂತು. ನುಣುಪಾದ ಸ್ಟೀಲು ತಾನೇ ಹೊಳೆಯುತ್ತದೆ, ಬೆಳ್ಳಿ ಬೇಡ. ಗಾಳಿ ಮಾತ್ರ ತೆಗೆಯಲೇಬೇಕು. ಬೆಳ್ಳಿ ಕೋಣೆ ಮುಚ್ಚಿತು. ವಾರಗಿತ್ತಿಯನ್ನು ಪಂಪಿನ ಮೇಜಿಗೆ ಕಳಿಸಿದರು. ಗಾಳಿಯಕ್ಕ ಮೊದಲ ವಾರ ನೆಲದ ಮೇಲೆ ಕಾಲಿಡಲಿಲ್ಲ. ಪಂಪಿನ ಸದ್ದು ಬದಲಾಗುವುದನ್ನು ಕಿವಿಯಿಂದಲೇ ಹಿಡಿಯುವುದು ಹೇಗೆ ಎಂದು ಗತ್ತಿನಿಂದ ಹೇಳಿಕೊಟ್ಟಳು. ವಾರಗಿತ್ತಿ ಕಣ್ಣುಮುಚ್ಚಿ ಕೇಳಿದಳು, ತಲೆದೂಗಿದಳು, ಬೇಗನೆ ಕಲಿತಳು. ತೀರಾ ಬೇಗನೆ. ತಿಂಗಳು ಕಳೆಯುವಷ್ಟರಲ್ಲಿ ಮೇಸ್ತ್ರಿ, "ಅಕ್ಕಾ, ನಿಮ್ಮ ವಾರಗಿತ್ತಿ ಕಿವಿ ನಿಮಗಿಂತ ಚುರುಕು," ಎಂದ.

ಗಾಳಿಯಕ್ಕ ಇಕ್ಕಳವನ್ನು ಮೇಜಿನ ಮೇಲೆ ಕುಕ್ಕಿ, "ಹೇಳಿಕೊಟ್ಟಿದ್ದು ಯಾರು?" ಎಂದು ಮುಖ ಊದಿಸಿಕೊಂಡಳು.