ಗೊಲ್ಲಾಳಮ್ಮ ಗಂಡನ ಹೆಸರು ಹೇಳಿದ್ದು

ನಮ್ಮೂರ ಗೊಲ್ಲಾಳಮ್ಮನ ಮೇಲೆ ಎರಡು ಸಿನಿಮಾ ಬಂದಿವೆ. ಟಾಕೀಸಿಗೆ ಬರುವಂಥವಲ್ಲ, ಒಂದು ಕಪ್ ಚಹಾ ಆರುವುದರೊಳಗೆ ಮುಗಿದುಹೋಗುವ ಸಾಕ್ಷ್ಯಚಿತ್ರಗಳು. ಒಂದರ ಕೆಳಗೆ ಬದುಕಿನ ಛಲ ಎಂದು ಬರೆದಿದ್ದರು, ಇನ್ನೊಂದರ ಕೆಳಗೆ ಅಸ್ಮಿತೆ ಮತ್ತು ಸಾಮಾಜಿಕ ನ್ಯಾಯ ಎಂದು. ಅವಳ ಹಿಮ್ಮಡಿಯ ಬಿರುಕು, ಒಲೆಯ ಹೊಗೆ, ಕುರಿಮರಿ, ರೊಟ್ಟಿ ಬಡಿಯುವ ಕೈ ಎಲ್ಲವೂ ಅವುಗಳಲ್ಲಿವೆ. ಅವಳು ಯಾರನ್ನು ಕಳೆದುಕೊಂಡು ಕೂತಿದ್ದಾಳೋ ಅವನ ಹೆಸರು ಮಾತ್ರ ಎರಡರಲ್ಲೂ ಇಲ್ಲ.

ನಾನು ಸುಮಂಗಲಾ, ಶಹಾಪುರ ಮತ್ತು ಯಾದಗಿರಿಯ ನಡುವಿನ ಈ ಊರಿನ ಅಂಗನವಾಡಿ ಟೀಚರ್. ಕ್ಯಾಮೆರಾ ಹೊತ್ತು ಬಂದವರು ಮೊದಲು ನನ್ನ ಹತ್ತಿರವೇ ಬರುತ್ತಾರೆ. ಎಲ್ಲರೂ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಊರಲ್ಲಿ ತೆರೆದಿರುವ ಬಾಗಿಲು ನನ್ನದೊಂದೇ. ನನ್ನ ಬಾಯಿ ಜೋರು ಎಂದು ನಮ್ಮ ಸೂಪರ್‌ವೈಸರ್ ಮೇಡಮ್ಮೂ ಹೇಳುತ್ತಾರೆ. ಈ ಸಂಗತಿಯನ್ನು ಮೆತ್ತಗೆ ಹೇಳುವುದು ನನಗೂ ಬೇಕಾಗಿಲ್ಲ.

ಗೊಲ್ಲಾಳಮ್ಮ ಸುರಪುರ ಕಡೆಯ ಹೆಣ್ಣು. ತವರಲ್ಲೂ ಕುರಿ, ಗಂಡನ ಮನೆಯಲ್ಲೂ ಕುರಿ. ಅಣ್ಣತಮ್ಮಂದಿರು ಬೇರೆಯಾದಾಗ ಇವರ ಪಾಲಿಗೆ ಬಂದ ಕೆಲವೇ ಕುರಿಗಳನ್ನು ಅತ್ತೆ ಶೇಖಮ್ಮ ಒಬ್ಬಳೇ ಕಾಯಬಹುದಿತ್ತು. ಹಾಗಾಗಿ ಮಗಳು ಸೌಭಾಗ್ಯಳನ್ನು ಅತ್ತೆಯ ಹತ್ತಿರ ಬಿಟ್ಟು ಗಂಡಹೆಂಡತಿ ಪುಣೆಗೆ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋದರು. ಗಂಡನ ಹೆಸರು ಮರಿಲಿಂಗಪ್ಪ. ನಾನು ಹೇಳಬಹುದು, ನನಗೆ ಅವನು ಗಂಡನಲ್ಲ. ನಮ್ಮ ಕಡೆ ಹೆಂಡತಿಯಾದವಳು ಆ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಮದುವೆ, ಸೀಮಂತದಲ್ಲಿ ಪ್ರಾಸದ ಒಡಪು ಕಟ್ಟಿ, ನಾಲ್ಕು ಜನ ನಗುವಾಗ ನಡುವೆ ಸೇರಿಸಿ ಹೇಳಿದರೆ ಸರಿ. ಸುಮ್ಮಸುಮ್ಮನೆ ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ. ನಗಬೇಡಿ. ಪಿಯುಸಿ ಓದಿದ ನಾನೂ ಬ್ಯಾಂಕಿನಲ್ಲಿ ಕೇಳಿದರೆ ಆಧಾರ್ ಕಾರ್ಡು ತೆಗೆದು ಮುಂದೆ ಹಿಡಿಯುತ್ತೇನೆಯೇ ಹೊರತು ಬಾಯಿ ಬಿಡುವುದಿಲ್ಲ.

ಪುಣೆಯಲ್ಲಿ ಮರಿಲಿಂಗಪ್ಪ ಮೇಲಿನ ಮಾಳಿಗೆಯಿಂದ ಬಿದ್ದ. ತಲೆಗೆ ಪೆಟ್ಟು. ಗುತ್ತಿಗೆದಾರ ಒಂದಷ್ಟು ದಿನ ಆಸ್ಪತ್ರೆಯಲ್ಲಿಟ್ಟು, ಆಮೇಲೆ ಊರಿಗೆ ಕರೆದುಕೊಂಡು ಹೋಗು ಎಂದು ಕೈ ತೊಳೆದುಕೊಂಡ. ಅಷ್ಟರಲ್ಲಿ ಅವನು ಬೇರೆ ಮನುಷ್ಯನೇ ಆಗಿಹೋಗಿದ್ದ. ಮಾತಿಲ್ಲ, ಗುರುತಿಲ್ಲ, ಎದ್ದರೆ ಎದ್ದ ಕಡೆ ನಡೆಯುತ್ತಿದ್ದ. ಒಂದು ಮಾತ್ರ ಉಳಿದಿತ್ತು. ಆಸ್ಪತ್ರೆಯವರು ಗುಳಿಗೆ ಕೊಡಲು ಬಂದು ‘ಮರಿಲಿಂಗಪ್ಪಾ’ ಎಂದು ಪೂರಾ ಹೆಸರು ಕೂಗಿದರೆ ಥಟ್ಟನೆ ತಿರುಗಿ ‘ಹಾಂ’ ಅನ್ನುತ್ತಿದ್ದ. ಬೇರೆ ಯಾವ ಮಾತಿಗೂ ತಿರುಗುತ್ತಿರಲಿಲ್ಲ.

ಇಬ್ಬರೂ ಜನರಲ್ ಡಬ್ಬಿಯಲ್ಲಿ ಊರಿಗೆ ಹೊರಟರು. ಗಾಡಿ ಸೊಲ್ಲಾಪುರದಲ್ಲಿ ನಿಂತಾಗ ಅವನು ಎದ್ದು ಇಳಿದೇಬಿಟ್ಟ. ಇವಳು ಕಿಟಕಿ ಮಗ್ಗುಲಲ್ಲಿ ಸಿಕ್ಕಿಕೊಂಡಿದ್ದಳು. ಬಾಗಿಲಿನ ತನಕ ಜನ ಒಬ್ಬರ ಮೇಲೊಬ್ಬರು. ಕಿಟಕಿಯಿಂದ ನೋಡಿದರೆ ಅವನು ಪ್ಲಾಟ್‌ಫಾರ್ಮಿನಲ್ಲಿ ಯಾರದೋ ಹಿಂದೆ ನಡೆದು ಹೋಗುತ್ತಿದ್ದಾನೆ. ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಇದ್ದಾನೆ. ಇವಳು ಕೂಗಿದಳು. ‘ರೀ! ಇಲ್ಲಿ ಬರ್ರಿ! ಸೌಭಾಗ್ಯಾನ ಅಪ್ಪಾ!’ ಬೇರೆಯವರೆಲ್ಲ ತಿರುಗಿ ನೋಡಿದರು, ಅವನು ನೋಡಲಿಲ್ಲ. ಗಾಡಿ ಬಿಟ್ಟಿತು.

‘ನಾಲಗಿ ತುದಿಗೆ ಬಂದಿತ್ತು ಯಕ್ಕಾ,’ ಎಂದಳು ಊರಿಗೆ ಬಂದ ಮೇಲೆ ನನ್ನ ಮುಂದೆ. ‘ಬಾಯಾಗಿಂದ ಹೊರಗ ಬರ್ಲಿಲ್ಲ. ಹೆಸರ ಹಿಡದು ಒಂದ್ ಸಲ ಕರದಿದ್ರ ಹೊಳ್ಳಿ ನೋಡ್ತಿದ್ರು. ಅವ್ರ ಆಯುಷ್ಯ ಉಳಸ್ಲಿಕ್ಕಿ ಹೋಗಿ ಅವ್ರನ್ನೇ ಕಳಕೊಂಡೆ.’

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಹಿಂದಿರುಗುವ ಗಾಡಿ ಹಿಡಿದು ಸೊಲ್ಲಾಪುರಕ್ಕೆ ವಾಪಸು ಹೋದಾಗ ಅಲ್ಲಿ ಅವನಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಅವರಿಗೆ ತೋರಿಸಿದ ಆಧಾರ್ ಕಾರ್ಡಿನಲ್ಲಿ ದಪ್ಪ ಮೀಸೆ, ತುಂಬು ಕೂದಲು. ಆಸ್ಪತ್ರೆಯಲ್ಲಿ ಎರಡನ್ನೂ ಬೋಳಿಸಿದ್ದರು. ಈಗಿನ ಮುಖ ಇದ್ದದ್ದು ಇವಳ ಮೊಬೈಲಿನಲ್ಲಿ ಮಾತ್ರ, ವಾರ್ಡಿನಲ್ಲಿ ತೆಗೆದ ಒಂದೇ ಫೋಟೋ. ನಾನೇ ಅದನ್ನು ಎಲ್ಲ ವಾಟ್ಸಾಪ್ ಗುಂಪಿಗೂ ಕಳಿಸಿದೆ. ಎರಡು ದಿನ ಓಡಾಡಿ, ಶುಭೋದಯದ ಹೂಗಳ ಕೆಳಗೆ ಹೂತುಹೋಯಿತು.

ಆಗ ಬಂದವರು ಮೊದಲನೆಯ ಸಿನಿಮಾದವರು, ಯಾವುದೋ ಕಾಲೇಜಿನ ಹುಡುಗ ಹುಡುಗಿಯರು. ಕೂಲಿ ಹುಡುಕಿ ಗುಳೆ ಹೋಗುವ ಹೆಂಗಸರ ಬಗ್ಗೆ ಮಾಡುತ್ತಿದ್ದರು. ಶೇಖಮ್ಮ ಕ್ಯಾಮೆರಾ ಮುಂದೆ ಕೂತು ಮಗನ ಹೆಸರು, ಎಡಕಿವಿಯ ಹಿಂದಿನ ಹೊಲಿಗೆಯ ಗುರುತು, ಎಲ್ಲ ಹೇಳಿದಳು. ಗೊಲ್ಲಾಳಮ್ಮನನ್ನು ‘ಗಂಡನ ಹೆಸರೇನು’ ಎಂದು ಕೇಳಿದಾಗ ಅವಳು ಅಭ್ಯಾಸಬಲದಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡು ನಾಚಿದಳು. ಸಿನಿಮಾದಲ್ಲಿ ಮುದುಕಿಯನ್ನು ಪೂರ್ತಿ ತೆಗೆದು ಹಾಕಿ, ಆ ನಾಚಿಕೆಯನ್ನು ಉಳಿಸಿಕೊಂಡಿದ್ದರು. ಕಷ್ಟದಲ್ಲೂ ನಗುವ ಮಹಿಳೆ ಅಂತೆ. ಊರವರು ಮೊಬೈಲಿನಲ್ಲಿ ನೋಡಿ, ಗಂಡ ಕಳೆದುಹೋದರೂ ಹಲ್ಲು ಕಿಸಿಯುತ್ತಾಳೆ ಎಂದು ಆಡಿಕೊಂಡರು. ಗೊಲ್ಲಾಳಮ್ಮ ನೀರಿಗೆ ಬರುವುದನ್ನೇ ಬಿಟ್ಟಳು. ಸೌಭಾಗ್ಯ ಹೊತ್ತು ತಂದ ಕೊಡದಲ್ಲೇ ಆ ಮನೆ ದಿನ ಕಳೆಯಿತು.

ಎರಡನೆಯ ಸಿನಿಮಾ ಮಾಡಲು ಸುಕನ್ಯಾ ಬಂದಳು, ಬೆಂಗಳೂರಿನಿಂದ. ಕೆಟ್ಟವಳಲ್ಲ, ಅದನ್ನು ಹೇಳಲೇಬೇಕು. ಶೇಖಮ್ಮನ ಮನೆಯಲ್ಲಿ ನೆಲದ ಮೇಲೆ ಕೂತು ಜೋಳದ ರೊಟ್ಟಿ ತಿಂದಳು, ಸೊಲ್ಲಾಪುರದ ಕತೆ ಕೇಳಿ ಗಳಗಳ ಅತ್ತಳು. ‘ಈ ಫಿಲ್ಮ್ ದೇಶದ ತುಂಬಾ ಹೋಗುತ್ತೆ ಅಮ್ಮಾ. ಪುಣೆ, ಮುಂಬೈ, ಎಲ್ಲಾ ಕಡೆ ನೋಡ್ತಾರೆ,’ ಎಂದಳು. ಗೊಲ್ಲಾಳಮ್ಮ ಅಷ್ಟು ದಿನದ ಮೇಲೆ ತಲೆ ಎತ್ತಿದ್ದು ಆಗ.

ಅವತ್ತು ಸಂಜೆ ಶೇಖಮ್ಮನೇ ಸೊಸೆಗೆ ಹೇಳಿದಳು, ‘ನಾ ಹೇಳಿದ್ದು ಯಾರೂ ಇಟ್ಕೊಳ್ಲಿಲ್ಲ. ಅವ್ರಿಗಿ ನಿನ್ನ ಮಾರಿ ಬೇಕಾಗ್ಯಾದ. ನೀನೇ ಅವನ ಹೆಸರ ಹೇಳಿಬಿಡು.’

‘ಹೆಂಗ್ ಹೇಳ್ಲಿ ಅತ್ತಿ? ಹೇಳಿದ್ರ ಅವ್ರ ಆಯುಷ್ಯ...’

‘ನನ್ನ ಮಗ ಅಲ್ಲೇನ್ ಅಂವ? ನಾನೇ ಹೇಳ್ಲಿಕತ್ತೀನಿ. ಒಂದ್ ವರ್ಷ ಕಡಿಮಿ ಆದ್ರೂ ಚಿಂತಿಲ್ಲ, ಉಳದದ್ದು ಮನ್ಯಾಗ ಇದ್ದು ಬಾಳ್ಲಿ.’

ಮರುದಿನ ಅಂಗಳದಲ್ಲಿ ಶೂಟಿಂಗ್. ಗೊಲ್ಲಾಳಮ್ಮ ತಲೆ ಮೇಲೆ ನೀರು ಹಾಕಿಕೊಂಡು, ವಿಭೂತಿ ಹಚ್ಚಿಕೊಂಡು, ಅತ್ತೆಯ ಕಾಲು ಮುಟ್ಟಿ ಬಂದು ಕೂತಳು. ಒಂದು ಕೈಯಲ್ಲಿ ತಾಳಿ, ಇನ್ನೊಂದರಲ್ಲಿ ಫೋಟೋ ತೆರೆದ ಮೊಬೈಲು. ‘ನನ್ನ ಗಂಡನ ಹೆಸರು ಮರಿಲಿಂಗಪ್ಪ,’ ಎಂದಳು. ಒಡಪಿಲ್ಲದೆ, ಮದುವೆಯಾದ ಮೇಲೆ ಮೊದಲ ಸಲ.

ಆ ಹೊತ್ತಿಗೇ ರಸ್ತೆಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ಹೋಯಿತು. ‘ಸೌಂಡ್ ಸರಿ ಬರಲಿಲ್ಲ, ಇನ್ನೊಂದು ಸಲ ಅಮ್ಮಾ,’ ಎಂದಳು ಸುಕನ್ಯಾ. ಮತ್ತೆ ಹೇಳಿದಳು. ಬಿಸಿಲು ಸರಿದು ಮುಖದ ಮೇಲೆ ನೆರಳು ಬಿದ್ದಿತಂತೆ. ಮತ್ತೆ ಹೇಳಿದಳು. ನೆಲ ನೋಡಬಾರದಂತೆ, ಕ್ಯಾಮೆರಾ ನೋಡಬೇಕಂತೆ.

‘ಇನ್ನ ಎಷ್ಟ್ ಸಲ ಹೇಳ್ಬೇಕ್ರಿ?’ ಗೊಲ್ಲಾಳಮ್ಮ ಕೇಳಿದಳು. ನನಗೆ ತಡೆಯಲಾಗಲಿಲ್ಲ. ‘ಸಾಕ್ ಮಾಡ್ರಿ ಮೇಡಂ, ನಿಮಗಿದು ಆಟ ಆಗ್ಯಾದೇನು?’ ಎಂದು ಎದ್ದು ನಿಂತೆ. ಗೊಲ್ಲಾಳಮ್ಮನೇ ನನ್ನ ಕೈ ಹಿಡಿದು ಕೂರಿಸಿದಳು. ‘ಇರ್ಲಿ ಯಕ್ಕಾ. ಸಿಕ್ಕರ ಸಾಕು.’ ಕ್ಯಾಮೆರಾ ನೋಡುತ್ತ ಮತ್ತೊಮ್ಮೆ ಹೇಳಿದಳು. ಫೋಟೋ ಮುಂದೆ ಹಿಡಿದಳು.

ಆಮೇಲೆ ತಿಂಗಳುಗಟ್ಟಲೆ ಕಾಯುವ ಕೆಲಸ. ಅಂಗನವಾಡಿಗೆ ದಿನಾ ಬಂದು ‘ಫೋನ್ ಬಂತೇನ್ ಯಕ್ಕಾ’ ಎಂದು ಕೇಳುತ್ತಿದ್ದಳು. ಕಡೆಗೆ ಫೋನು ಬಂತು. ಸಿನಿಮಾಕ್ಕೆ ಹೊರದೇಶದಲ್ಲಿ ಪ್ರಶಸ್ತಿ ಬಂದಿದೆ, ಯಾದಗಿರಿಯಲ್ಲಿ ತೋರಿಸುತ್ತೇವೆ, ಅತ್ತೆ, ಸೊಸೆ, ನಾನು ಮೂವರೂ ಬರಬೇಕು ಎಂದು.

ಹೋದೆವು. ಸಭಾಂಗಣ ತುಂಬಿತ್ತು. ಶೇಖಮ್ಮ ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಮಗನನ್ನು ದೊಡ್ಡ ಪರದೆಯ ಮೇಲೆ ನೋಡುವುದಿದೆಯಲ್ಲ. ದೀಪ ಆರಿತು. ಕುರಿ ಬಂದವು, ಒಲೆ ಬಂತು, ಗೊಲ್ಲಾಳಮ್ಮನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ‘ನನ್ನ ಗಂಡನ ಹೆಸರು...’ ಅಷ್ಟೇ ಕೇಳಿಸಿತು. ತುಟಿ ಅಲ್ಲಾಡುತ್ತಿವೆ, ಧ್ವನಿ ಇಲ್ಲ. ಅಲ್ಲಿ ಕೊಳಲು ಹಾಕಿದ್ದರು. ಅವಳು ಮೊಬೈಲು ಮುಂದೆ ಹಿಡಿದಳು. ಅದರಲ್ಲಿನ ಮುಖವನ್ನು ಬೂದಿ ಬಳಿದಂತೆ ಮಸುಕು ಮಾಡಿದ್ದರು. ಕಣ್ಣಿಲ್ಲ, ಮೂಗಿಲ್ಲ.

ಶೇಖಮ್ಮ ನನ್ನ ತೋಳು ಹಿಡಿದು ಜಗ್ಗಿದಳು. ‘ಸುಮಂಗಲಾ, ನನ್ನ ಮಗಗ ಮಾರಿ ಯಾಕಿಲ್ಲವ್ವಾ? ಏನಾಗ್ಯಾದ ಅವಗ?’

ದೀಪ ಹತ್ತಿದ ಕೂಡಲೇ ನಾನು ಸುಕನ್ಯಾಳನ್ನು ಹಿಡಿದು ಕೇಳಿದೆ. ಅವಳು ತಾಳ್ಮೆಯಿಂದಲೇ ತಿಳಿಸಿ ಹೇಳಿದಳು. ‘ಅವರ ಒಪ್ಪಿಗೆ ನಮ್ಮ ಹತ್ರ ಇಲ್ವಲ್ಲ ಮೇಡಂ. ಕಾಯಿಲೆ ಇರೋ ವ್ಯಕ್ತಿಯ ಗುರುತನ್ನ ಅವರ ಅನುಮತಿ ಇಲ್ಲದೆ ತೋರಿಸೋ ಹಾಗಿಲ್ಲ. ಅದು ಅವರ ಘನತೆಯ ಪ್ರಶ್ನೆ.’

ಎಲ್ಲಿದ್ದಾನೋ ಗೊತ್ತಿಲ್ಲದ ಮನುಷ್ಯನ ಅನುಮತಿ! ಅವನು ಸಿಗಲಿ ಎಂದು ಗೊಲ್ಲಾಳಮ್ಮ ಹೆಸರು ಹೇಳಿದಳು. ಅವನು ಸಿಕ್ಕಿ ಒಪ್ಪುವ ತನಕ ಆ ಹೆಸರು ಕೇಳಿಸಬಾರದಂತೆ.

ಅಷ್ಟರಲ್ಲಿ ಗೊಲ್ಲಾಳಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಎರಡು ಮಾತಾಡಿ ಎಂದು ಮೈಕು ಕೊಟ್ಟರು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ‘ನನ್ನ ಗಂಡನ ಹೆಸರು ಮರಿಲಿಂಗಪ್ಪ. ಎಡಕಿವಿ ಹಿಂದ ಹೊಲಿಗಿ ಗುರುತು ಅದ. ಹೆಸರ ಹಿಡದು ಕರದ್ರ ಹಾಂ ಅಂತಾರ. ಯಾರರೇ ನೋಡಿದ್ರ ಹೇಳ್ರಿ, ನಿಮ್ಮ ಕಾಲಿಗಿ ಬೀಳ್ತೀನಿ.’

ಸಭೆ ಚಪ್ಪಾಳೆ ತಟ್ಟಿತು. ಹಲವರು ಎದ್ದು ನಿಂತು ತಟ್ಟಿದರು. ಪಕ್ಕದಲ್ಲಿದ್ದವರು ‘ಎಂಥಾ ಧೈರ್ಯ’ ಎಂದು ಕಣ್ಣೊರೆಸಿಕೊಂಡರು. ಮರಿಲಿಂಗಪ್ಪನ ಫೋಟೋ ತೋರಿಸು ಎಂದು ಒಬ್ಬರೂ ಕೇಳಲಿಲ್ಲ. ಸಿನಿಮಾಕ್ಕೆ ಹೆಸರನ್ನು ಈಗಲಾದರೂ ಸೇರಿಸಿ ಎಂದು ನಾನು ಗೋಗರೆದೆ. ಅದು ಇನ್ನೂ ಹಲವು ಉತ್ಸವಗಳಿಗೆ ಹೋಗಿದೆ, ಈಗ ಮುಟ್ಟುವ ಹಾಗಿಲ್ಲ ಎಂದಳು ಸುಕನ್ಯಾ.

ಹೊರಗೆ ಬಂದು ನಾನು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರೆ ಗೊಲ್ಲಾಳಮ್ಮ ರೈಲು ಸ್ಟೇಷನ್ನಿನ ಕಡೆ ನಡೆದಳು. ಹಿಂದೆ ನಾನು, ಶೇಖಮ್ಮ. ಸಂಜೆಗೆ ಮುಂಬೈ ಕಡೆಯಿಂದ ಸೊಲ್ಲಾಪುರ ಹಾದು ಗಾಡಿ ಬರುವುದಿತ್ತು. ಅವಳು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಶಾಲನ್ನು ಮಡಚಿ ಅತ್ತೆಯ ತೊಡೆಯ ಮೇಲಿಟ್ಟಳು.

‘ಯಕ್ಕಾ, ಹೇಳಿ ಹೇಳಿ ಅವ್ರ ಆಯುಷ್ಯ ಎಷ್ಟ್ ಕಡದೀನೋ. ಅವ್ರಿಗಿ ಕೇಳಿಸಿದ್ರರೇ ಒಂದ್ ಮಾತಿತ್ತು. ಅವ್ರಿಗೂ ಕೇಳಿಸ್ಲಿಲ್ಲ, ಯಾರಿಗೂ ಕೇಳಿಸ್ಲಿಲ್ಲ,’ ಎಂದಳು. ಶೇಖಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಗಾಡಿ ಬಂತು. ಗೊಲ್ಲಾಳಮ್ಮ ಎದ್ದು ಜನರಲ್ ಡಬ್ಬಿಗೆ ಓಡಿದಳು. ಕಿಟಕಿಯ ಸರಳು ಹಿಡಿದು ಒಳಗೆ ಮುಖ ಹಾಕಿ ‘ಮರಿಲಿಂಗಪ್ಪಾ!’ ಎಂದು ಕೂಗಿದಳು. ಮುಂದಿನ ಕಿಟಕಿ, ಅದರ ಮುಂದಿನದು. ಸೊಲ್ಲಾಪುರದಲ್ಲಿ ಅವಳು ಕೂಗಬೇಕಾಗಿದ್ದದ್ದು ಹೀಗೆ. ಶೇಖಮ್ಮನೂ ಮೊಣಕಾಲು ಹಿಡಿದುಕೊಂಡು ಬಂದು ‘ಏ ಮರಿಲಿಂಗಾ, ನನ್ನಪ್ಪಾ’ ಎಂದು ಕೂಗತೊಡಗಿದಳು. ನಾನೂ ಕೂಗಿದೆ. ಒಳಗಿದ್ದವರು ಗಾಬರಿಯಾಗಿ ನೋಡಿದರು. ಒಂದಿಬ್ಬರು ನಕ್ಕರು. ಯಾರೂ ಹಾಂ ಅನ್ನಲಿಲ್ಲ.

ಗಾಡಿ ಬಿಟ್ಟಿತು. ಕೊನೆಯ ಡಬ್ಬಿ ದಾಟುವ ತನಕ ಅವಳು ಕೂಗುತ್ತಲೇ ಇದ್ದಳು. ಆಮೇಲೆ ಬಂದು ನನ್ನ ಎದುರು ನಿಂತಳು. ಗಂಟಲು ಒಡೆದುಹೋಗಿತ್ತು.

‘ಇನ್ನೊಂದ್ ಗಾಡಿ ಯಾವಾಗ ಅದ ಯಕ್ಕಾ?’