ಮಾವನ ದೋಣಿಯ ಮುರಿದ ಬೋಲ್ಟು

ಮೊನ್ನೆ ಬಂಟ್ವಾಳದ ಪಕ್ಕದ ಬಿ.ಸಿ.ರೋಡಿನಲ್ಲಿ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದ ಗುಜರಿ ಅಂಗಡಿಯವನು ಯಾವುದೋ ಹಳೆಯ ಕಬ್ಬಿಣಕ್ಕೆ ಚಿಮಿಣಿಎಣ್ಣೆ ಹೊಯ್ಯುತ್ತಿದ್ದ. ತುಕ್ಕಿಗೆ ಚಿಮಿಣಿಎಣ್ಣೆ ಸೇರಿದರೆ ಒಂದು ಘಾಟು ಏಳುತ್ತದೆ. ನಿಮಗೆ ಅದು ಹಿಡಿಸಲಿಕ್ಕಿಲ್ಲ, ನನ್ನ ಹೆಂಡತಿಗಂತೂ ಹಿಡಿಸುವುದೇ ಇಲ್ಲ. ನನಗೆ ಮಾತ್ರ ಅದು ಮಾವನ ಮನೆಯ ವಾಸನೆ. ಬೇರೆಯವರಿಗೆ ಮಾವನ ಮನೆ ಎಂದರೆ ಕೋಳಿ ಸಾರಿನ ಪರಿಮಳ ನೆನಪಾಗುತ್ತದಂತೆ. ಇರಲಿ, ಅವರವರ ಯೋಗ.

ನನ್ನ ಮಾವನದು ಬಂಟ್ವಾಳ. ಹೊಳೆಯ ದಡದಲ್ಲೇ ಮನೆ, ಮನೆಯ ಕೆಳಗೆ ಧಕ್ಕೆ, ಧಕ್ಕೆಯಲ್ಲಿ ಅವರ ಸರಕಿನ ದೋಣಿ. ಅಕ್ಕಿ, ಅಡಿಕೆ, ಬೆಲ್ಲ ಎಲ್ಲ ನೇತ್ರಾವತಿಯಲ್ಲೇ ಮಂಗಳೂರಿಗೆ ಹೋಗುತ್ತಿದ್ದ ಕಾಲ ಅದು. ಹೋಗುತ್ತಿದ್ದ ಎಂದೆನಲ್ಲ, ಅದು ಮುಗಿಯುತ್ತ ಬಂದ ಕಾಲ ಎನ್ನುವುದು ಸರಿ. ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಲಾರಿಗಳು ಬಂದು ಸರಕನ್ನು ಒಂದೊಂದಾಗಿ ಹೊತ್ತುಕೊಂಡು ಹೋಗತೊಡಗಿದ್ದವು. ಚಕ್ರವಿರುವ ಯಾವುದನ್ನು ಕಂಡರೂ ಮಾವನಿಗೆ ಆಗುತ್ತಿರಲಿಲ್ಲ. ಅಂಥವರ ಒಬ್ಬಳೇ ಮಗಳಿಗೆ ಅವಳ ಸೋದರಮಾವ ಹುಡುಕಿ ತಂದ ಗಂಡು ನಾನು. ಮೂಡುಬಿದಿರೆಯಲ್ಲಿ ನನ್ನದು ಸೈಕಲ್ ಅಂಗಡಿ.

ಮದುವೆಯನ್ನು ಅವರು ತಡೆಯಲಿಲ್ಲ. ಆದರೆ ನನ್ನ ಮನೆಮಾತೂ ತುಳುವೇ ಆಗಿದ್ದರೂ ನನ್ನೊಡನೆ ತುಳು ಮಾತಾಡಲಿಲ್ಲ. ಮನೆಯಲ್ಲಿ ಎಲ್ಲರ ಬಾಯಲ್ಲೂ ತುಳು, ಕೊಟ್ಟಿಗೆಯ ಎಮ್ಮೆಗೂ ತುಳು. ನನಗೆ ಮಾತ್ರ ಕನ್ನಡ. ತಾಲೂಕು ಕಚೇರಿಯಲ್ಲಿ ಗುಮಾಸ್ತನ ಎದುರು ನಿಂತು ಆಡುವಂಥ, ಗುಂಡಿ ಹಾಕಿದ ಅಂಗಿಯಂಥ ಕನ್ನಡ. "ತಾವು ಯಾವಾಗ ಹೊರಡುತ್ತೀರಿ?" ಎಂದು ಕೇಳುವರು. ನಾನು ಆಗಷ್ಟೇ ಚಪ್ಪಲಿ ಬಿಟ್ಟಿರುತ್ತಿದ್ದೆ.

ಹೆಂಡತಿಯನ್ನು ಚೊಚ್ಚಲ ಹೆರಿಗೆಗೆ ಅಲ್ಲಿ ಬಿಡಲು ಹೋದಾಗ ನಡೆದದ್ದನ್ನು ಹೇಳುತ್ತೇನೆ. ಮಳೆಗಾಲ ಬಾಗಿಲಲ್ಲಿತ್ತು. ಮಾರನೆಯ ದಿನ ದೋಣಿ ಆ ವರ್ಷದ ಕೊನೆಯ ಸರಕು ಹೊತ್ತು ಹೋಗಬೇಕಿತ್ತು. ಆ ಬೆಳಿಗ್ಗೆಯೇ ಚುಕ್ಕಾಣಿಯ ಕಬ್ಬಿಣದ ಪಟ್ಟಿಯೊಳಗೆ ಬೋಲ್ಟು ತುಂಡಾಗಿತ್ತು. ತಲೆ ಕಳಚಿ ಬಿದ್ದಿತ್ತು, ಮೈ ಒಳಗೇ ಕಚ್ಚಿಕೊಂಡಿತ್ತು. ಅದು ಹೊರಗೆ ಬಾರದೆ ಹೊಸದು ಹಾಕುವಂತಿಲ್ಲ. ಚುಕ್ಕಾಣಿ ಇಲ್ಲದೆ ದೋಣಿ ಬಿಡುವಂತಿಲ್ಲ. ಒಂದು ದಿನ ತಡವಾದರೆ ಆ ಸರಕೂ ಲಾರಿಗೆ ಹೋಗುತ್ತದೆ ಎಂದು ಅತ್ತೆ ಮೆಲ್ಲಗೆ ಹೇಳಿದರು.

ಸಂಜೆಯ ಬಸ್ಸಿಗೆ ಹೊರಟು, ಮಗು ಹುಟ್ಟುವವರೆಗೆ ಈ ಕಡೆ ತಲೆ ಹಾಕುವುದಿಲ್ಲ ಎಂದು ನಿಶ್ಚಯಿಸಿಯೇ ನಾನು ಬಂದಿದ್ದೆ. ಆದರೆ ಬೋಲ್ಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವುದು ಹೇಗೆ? ಧಕ್ಕೆಗೆ ಇಳಿದೆ. ಮಾವ ಚುಕ್ಕಾಣಿಯನ್ನು ಕಲ್ಲುಗಳ ಮೇಲೆ ಮಲಗಿಸಿ ನೋಡುತ್ತ ಕುಳಿತಿದ್ದರು. ಇಂಥದ್ದು ಬಹಳ ನೋಡಿದ್ದೇನೆ ಎಂದು ಹೇಳಿ, ಅವರು ಬೇಡ ಎನ್ನುವ ಮೊದಲೇ ಚಾಣ ಇಟ್ಟು ಒಂದೇಟು ಹಾಕಿದೆ. ಇಕ್ಕಳಕ್ಕೆ ಸಿಗುವಷ್ಟು ಹೊರಗೆ ಉಳಿದಿದ್ದ ತುದಿಯೂ ಹಾರಿ ಹೊಳೆಗೆ ಬಿತ್ತು.

ಮಾವ ಹೊಳೆಯನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಎದ್ದು ಹೋಗಿ ಚಿಮಿಣಿಎಣ್ಣೆ ತಂದರು.

ಮರದ ಭಾಗಕ್ಕೆ ಒದ್ದೆ ಗೋಣಿ ಸುತ್ತಿ, ಪಟ್ಟಿಯ ಮೇಲೆ ತೆಂಗಿನ ಗೆರಟೆಯ ಕೆಂಡ ಇಟ್ಟು, ಊದುಗೊಳವೆಯಿಂದ ಊದಿದೆವು. ಕಬ್ಬಿಣ ಕಾದ ಮೇಲೆ ಕೆಂಡ ತೆಗೆದು, ಪಟ್ಟಿ ತಣಿಯುವವರೆಗೆ ಕಾದು, ಎಣ್ಣೆ ಬಿಡುವುದು. ಮತ್ತೆ ಕೆಂಡ, ಮತ್ತೆ ಎಣ್ಣೆ. ಎಣ್ಣೆ ಒಳಗೆ ಇಳಿಯುವ ತನಕ ಕಾಯುವುದಲ್ಲದೆ ಬೇರೆ ಕೆಲಸವಿಲ್ಲ. ಇಬ್ಬರೂ ಕಾದೆವು. ಬಹಳ ಹೊತ್ತಾದ ಮೇಲೆ ಮಾವ ಕೇಳಿದರು:

"ಒಂದು ಲಾರಿಯಲ್ಲಿ ಎಷ್ಟು ಬೋಲ್ಟು ಉಂಟು?"

"ಗೊತ್ತಿಲ್ಲ. ತುಂಬ ಇರ್ತದೆ."

"ತುಂಡಾಗುವುದಿಲ್ಲವೋ?"

"ಆಗ್ತದೆ. ದಿನಾ ಆಗ್ತದೆ."

ಅವರ ಮುಖದಲ್ಲಿ ಸಣ್ಣ ಸಮಾಧಾನ ಕಂಡಿತು. ಚಾಣ ಹಿಡಿದು ಅದರ ಮೊನೆಯನ್ನು ಬೋಲ್ಟಿನ ಅಂಚಿಗೆ ಓರೆಯಾಗಿ ಊರಿದರು. ಪೆಟ್ಟು ಬಿದ್ದಂತೆಲ್ಲ ಅದು ಎಡಕ್ಕೆ ತಿರುಗಬೇಕು. ಸುತ್ತಿಗೆಯನ್ನು ನನ್ನ ಕಡೆ ತಳ್ಳಿದರು. ನಾಲ್ಕು ಪೆಟ್ಟು ಸರಿಯಾಗಿ ಹಾಕಿದ್ದೆ. ಐದನೆಯದು ಜಾರಿ ಅವರ ಹೆಬ್ಬೆರಳಿಗೆ ಬಿತ್ತು. ಉಗುರು ಕಣ್ಣೆದುರೇ ಕಪ್ಪಾಯಿತು. ನಾನು ಸುತ್ತಿಗೆ ಕೆಳಗಿಟ್ಟೆ. ಇನ್ನು ಬಸ್ಸಿಗೆ ಕಾಯದೆ ನಡೆದೇ ಮೂಡುಬಿದಿರೆಗೆ ಹೋಗುವುದು ಲೇಸು ಎನಿಸಿತು. ಮಾವ ಬೆರಳನ್ನು ಬಾಯಲ್ಲಿಟ್ಟು ಚೀಪಿದರು. ಮತ್ತೆ ಅದೇ ಕೈಯಲ್ಲಿ ಚಾಣವನ್ನು ಅದೇ ಜಾಗಕ್ಕೆ ಊರಿದರು.

"ಹೊಡೆಯಿರಿ."

ಹೊಡೆದೆ. ಅವರ ಬೆರಳಿಗೆ ಹೆದರಿ ಪೆಟ್ಟುಗಳು ಮೆತ್ತಗೆ ಬಿದ್ದವು. ಆ ಮೆತ್ತನೆಯ ಪೆಟ್ಟೇ ಬೇಕಾಗಿತ್ತೋ ಏನೋ. ಬೋಲ್ಟು ಕಿರ್ ಎಂದಿತು, ಕೂದಲೆಳೆಯಷ್ಟು ತಿರುಗಿತು. ಮಾವ ನನ್ನ ತೋಳು ಹಿಡಿದುಕೊಂಡರು.

"ಬತ್ತ್ಂಡ್ ಮಾರಾಯ," ಎಂದರು. "ಬತ್ತ್ಂಡ್."

ಬಂತು ಎಂದು ತುಳುವಿನಲ್ಲಿ ಹೇಳಿದ್ದು ಅವರಿಗೇ ತಿಳಿಯಿತೋ ಇಲ್ಲವೋ. ಬೋಲ್ಟನ್ನು ಪೂರ್ತಿ ತೆಗೆದು ಕೈ ತೊಳೆಯುವಾಗ, "ಬಲ, ಒಣಸ್ ಮಲ್ಪುಗ," ಎಂದರು. ಬಾ, ಊಟ ಮಾಡುವ ಎಂದು. ಅಡುಗೆಮನೆಯ ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದ ನನ್ನ ಹೆಂಡತಿ ಅದನ್ನು ಕೇಳಿ ಸರಕ್ಕನೆ ಒಳಗೆ ಹೋದಳು. ಬಡಿಸಲು ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಸಂಜೆಯ ಬಸ್ಸು ನನ್ನನ್ನು ಬಿಟ್ಟೇ ಹೋಯಿತು.

ಮರುದಿನ ದೋಣಿ ಹೋಯಿತು. ಇನ್ನೆರಡು ಮೂರು ವರ್ಷ ಹೋಗುತ್ತಿತ್ತು, ಆಮೇಲೆ ಮಾರಿದರು. ಕೊನೆಗಾಲದಲ್ಲಿ ಮಾವ ಮೂಡುಬಿದಿರೆಗೆ ಬಂದು ನನ್ನ ಅಂಗಡಿಯ ಸ್ಟೂಲಿನಲ್ಲಿ ಕುಳಿತು, ಬಂದ ಗಿರಾಕಿಗಳಿಗೆಲ್ಲ ಚಕ್ರದ ದೋಷಗಳನ್ನು ವಿವರಿಸುತ್ತಿದ್ದರು, ಅಚ್ಚ ತುಳುವಿನಲ್ಲಿ. ವ್ಯಾಪಾರಕ್ಕೆ ಅದರಿಂದ ಲಾಭವೇನೂ ಆಗಲಿಲ್ಲ.

ಮೊನ್ನೆ ಬಸ್ಸು ಬಂತು. ನಾನು ಹತ್ತಲಿಲ್ಲ, ರಿಕ್ಷಾ ಹಿಡಿದು ಬಂಟ್ವಾಳ ಪೇಟೆಗೆ ಹೋಗಿ ಹೊಳೆಗೆ ಇಳಿದೆ. ಆ ಮನೆ ಈಗ ಬೇರೆಯವರದು. ಮಾವ ಹೋದ ಮೇಲೆ ನಾವಿಬ್ಬರೂ ಆ ಕಡೆ ಹಾಯ್ದವರಲ್ಲ. ಹೆಂಡತಿಗೆ ಫೋನು ಮಾಡಿ, ನಿನ್ನ ಅಪ್ಪನ ಧಕ್ಕೆಯಲ್ಲಿ ಇದ್ದೇನೆ ಎಂದೆ. ಹೊಳೆಯಲ್ಲಿ ನೀರು ಉಂಟಾ ಎಂದು ಕೇಳಿದಳು. ಉಂಟು, ಮೆಟ್ಟಲಿನವರೆಗೂ ಉಂಟು ಎಂದೆ. ಹಾಗಾದರೆ ಗಡಿಬಿಡಿ ಮಾಡಬೇಡಿ, ನಾನೂ ಬರ್ತೇನೆ, ಅಲ್ಲೇ ಕೂತಿರಿ ಎಂದಳು.