ಪಿಕ್ಚರ್ ನೋಡಿ ಇಚಲಕರಂಜಿಗೆ

ಬೆಳಿಗ್ಗೆ ಏಳರ ಬಸ್ಸಿಗೆ ನಾನೂ ನಮ್ಮ ಯಜಮಾನರೂ ಗಡಹಿಂಗ್ಲಜ ಬಿಟ್ಟೆವು. ಮಹಾರಾಷ್ಟ್ರದ ಬಸ್ಸು, ಹೆಂಗಸಾದ ನನಗೆ ಅರ್ಧ ಟಿಕೀಟು, ಅವರಿಗೆ ಪೂರ್ತಿ. ಸಂಕೇಶ್ವರ ದಾಟುವ ತನಕ ಅವರ ಮುಖ ಗಂಟಾಗಿತ್ತು. ಅವರದು ಬೆಲ್ಲದ ವ್ಯಾಪಾರ, ಅವತ್ತು ಕೊಲ್ಹಾಪುರದ ಬೆಲ್ಲದ ಪೇಟೆಯಲ್ಲಿ ಕೆಲಸವಿತ್ತು. ನನ್ನ ಕೆಲಸ ಬೇರೆಯೇ ಇತ್ತು. ಮಗಳು ಸವಿತಾ ಇಚಲಕರಂಜಿಯ ನೇಕಾರರ ಹುಡುಗನನ್ನು ಮೆಚ್ಚಿದ್ದಳು. "ನಮ್ಮ ಮಂದಿ ಅಲ್ಲ" ಎಂದು ಇವರು ಹಟ ಹಿಡಿದು ಆರು ತಿಂಗಳಾಗಿತ್ತು. ಒಂದೇ ಮನೆಯಲ್ಲಿ ಅಪ್ಪ-ಮಗಳು ಮಾತು ಬಿಟ್ಟಿದ್ದರು. ಇಬ್ಬರ ನಡುವೆ ನನಗಂತೂ ಸಾಕುಸಾಕಾಗಿತ್ತು.

ಪೇಟೆಯ ಕೆಲಸ ಹನ್ನೊಂದಕ್ಕೇ ಮುಗಿಯಿತು. ಹೋಟೆಲಿನಲ್ಲಿ ಖಾರದ ಮಿಸಳ ತಿಂದೆವು, ಕಣ್ಣು ಮೂಗಿನಲ್ಲೆಲ್ಲ ನೀರು. "ಬಿಸಲು ಭಾಳ ಐತ್ರಿ, ಒಂದು ಪಿಕ್ಚರ್ ನೋಡೂಣು, ಒಳಗ ಎಸಿ ಇರತೈತಿ" ಎಂದೆ. ಎಸಿಯ ಆಸೆಗೆ ಒಪ್ಪಿದರು.

ಹಿಂದಿ ಪಿಕ್ಚರು. ಮನೆಯವರಿಗೆ ಬೇಡವಾದ ಪ್ರೀತಿ, ಮಗಳನ್ನು ಕೋಣೆಯಲ್ಲಿ ಕೂಡಿಹಾಕುವ ಅಪ್ಪ, ಮಳೆ, ಮಳೆಯಲ್ಲೇ ಹಾಡು. ಅಳಬೇಕಾದ್ದಕ್ಕಿಂತ ಒಂದು ಸೇರು ಹೆಚ್ಚೇ ಅಳಿಸುತ್ತಾರೆ. ಓರೆಗಣ್ಣಿನಲ್ಲಿ ನೋಡುತ್ತೇನೆ, ಇವರು ಟವೆಲ್ಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಾರೆ! ಕಡೆಗೆ ತಡೆಯಲಾರದೆ ಎದ್ದು ನಿಂತು ಪರದೆಯ ಅಪ್ಪನಿಗೇ ಕೂಗಿದರು: "ಬಾಗಲಾ ತಗಿಯೋ ಹುಚ್ಚಪ್ಪಾ! ಕೂಸು ಸತ್ತಹೋದೀತು!"

"ಅಹೋ ಕಾಕಾ, ಬಸಾ ಕೀ ಖಾಲೀ" ಎಂದು ಹಿಂದಿನವರು ಮರಾಠಿಯಲ್ಲಿ ಬೈದು ಕೂಡಿಸಿದರು. ನಾನು ಮೆಲ್ಲಗೆ, "ಅಂವಾ ಬಾಗಲಾ ತಗೀತಾನ್ರಿ. ನೀವು?" ಎಂದೆ.

ಪಿಕ್ಚರ್ ಮುಗಿದು ಹೊರಗೆ ಬಂದವರೇ ಇವರು, "ಇಚಲಕರಂಜಿ ಬಸ್ಸು ಎಲ್ಲಿ ನಿಂದರತೈತಿ? ಮನಿ ಅಷ್ಟ ನೋಡಿ ಬರೂಣು. ಒಪ್ಪೇನಿ ಅಂತಲ್ಲ ಮತ್ತ!" ಎಂದರು. ನನಗೆ ಅಲ್ಲೇ ಕುಣಿಯುವಷ್ಟು ಸಂತೋಷ, ತೋರಿಸಿಕೊಳ್ಳಲಿಲ್ಲ.

ಸುಮಾರು ಒಂದು ತಾಸಿನ ದಾರಿ. ಸವಿತಾ ಹೇಳಿದ್ದ ಗುರುತಿನ ಮೇಲೆ ಹುಡುಗನ ಮನೆ ಹುಡುಕಿದೆವು. ಓಣಿಯ ತುಂಬ ಮಗ್ಗಗಳ ಖಟಖಟ, ಕೂಗಿಯೇ ಮಾತಾಡಬೇಕು. ಸವಿತಾಳ ತಂದೆ-ತಾಯಿ ಎಂದು ಹೇಳಿದೆ. ಹುಡುಗನ ತಾಯಿ ಗಾಬರಿಯಿಂದ ತಂಬಿಗೆ ನೀರು, ತಾಟಿನಲ್ಲಿ ಬೆಲ್ಲ ತಂದಿಟ್ಟರು. ಮಾತು ಪಕ್ಕಾ ಆಗುವ ತನಕ ಗಂಡಿನ ಮನೆಯ ಸಿಹಿ ನಾವು ಮುಟ್ಟುವುದಿಲ್ಲ. ಬಾಯಿಗೆ ಹಾಕಿದರೆ ಒಪ್ಪಿದಂತೆಯೇ. ಅದು ಇವರಿಗೂ ಗೊತ್ತು. ಆದರೆ ಮೂವತ್ತು ವರ್ಷ ಬೆಲ್ಲ ಮಾರಿದ ಕೈ ಕೇಳಬೇಕಲ್ಲ! ಚೂರು ಮುರಿದು, ಮೂಸಿ, ನಾಲಿಗೆಯ ಮೇಲಿಟ್ಟು, "ಮಾಲು ಛಲೋ ಐತಿ" ಎಂದುಬಿಟ್ಟರು.

"ಯಪ್ಪಾ, ಒಪ್ಪಿದ್ರಿ!" ಎಂದು ಆ ತಾಯಿ ಕಣ್ಣಿಗೆ ಸೆರಗು ಹಚ್ಚಿದರು. ಕೈತಪ್ಪಿನಿಂದ ಬಂದ ಒಪ್ಪಿಗೆ ನನ್ನ ಮಗಳಿಗೆ ಬೇಡ. "ಇಲ್ಲರೀ ಅಕ್ಕಾ, ರೂಢಿಲೆ ತಿಂದಾರ, ತಪ್ಪು ತಿಳಕೋಬ್ಯಾಡ್ರಿ" ಎಂದು ನಾನೇ ಹೇಳಿದೆ.

ಇವರು ಮಗ್ಗ ಬಿಟ್ಟು ಬಂದು ಬಾಗಿಲಲ್ಲಿ ನಿಂತ ಹುಡುಗನನ್ನು ನೋಡಿದರು. ಅವನ ತಲೆಗೂದಲ ತುಂಬ ಹತ್ತಿಯ ಧೂಳು. ಆಮೇಲೆ ತಾಟಿಗೆ ಕೈಹಾಕಿ ಇನ್ನೊಂದು ಚೂರು, ಮೊದಲಿನದಕ್ಕಿಂತ ದೊಡ್ಡದು, ಮುರಿದು ಬಾಯಿಗೆ ಹಾಕಿಕೊಂಡರು.

"ಮೊದಲಿಂದು ವ್ಯಾಪಾರಿ ತಿಂದದ್ದು" ಎಂದರು. "ಇದು ಸವಿತಾನ ಅಪ್ಪ ತಿಂದದ್ದು."